ಅಂಬಾಸಿಡರ್, ಫಿಯಟ್ ಮತ್ತು ದತ್ತಮೂರ್ತಿಗಳ ತೀರ್ಪು

ಕೊಪ್ಪದ ಟೈಪಿಂಗ್ ಮೇಷ್ಟ್ರು ದತ್ತಮೂರ್ತಿಗಳಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಈ ಸಂಗತಿಯನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ನಲವತ್ತೆಂಟು ವರ್ಷದ ಬದುಕಿನಲ್ಲಿ ಅವರು ಸ್ವಂತವಾಗಿ ಓಡಿಸಿದ ವಾಹನವೆಂದರೆ ಒಂದು ಸೈಕಲ್ಲು. ಅದನ್ನೂ ಏರಿನಲ್ಲಿ ದಮ್ಮು ಕಟ್ಟುತ್ತದೆಂದು, ಇಳಿಜಾರಿನಲ್ಲಿ ಹೆದರಿಕೆಯಾಗುತ್ತದೆಂದು ತಳ್ಳಿಕೊಂಡೇ ಹೋಗುತ್ತಿದ್ದರು. ಏರೂ ಅಲ್ಲದ ಇಳಿಜಾರೂ ಅಲ್ಲದ ರಸ್ತೆ ಕೊಪ್ಪದಲ್ಲಿ ಹೆಚ್ಚಿಲ್ಲವಾದ್ದರಿಂದ ಸೈಕಲ್ಲಿನ ಸೀಟು ಹದಿನೈದು ವರ್ಷವಾದರೂ ಹೊಸದರಂತೆಯೇ ಇತ್ತು.

ಆದರೆ ಕಾರಿನ ಕಾಗದಪತ್ರದಲ್ಲಿ ಅವರನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಬಂದ ಮೇಲೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗಿದ್ದರು. ಹಳೇ ಗಾಡಿ ಮಾರುವವರು ಮಾತ್ರ ಕಡಿಮೆಯಾಗಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವ ಹಳೇ ಕಾರು ಕೈ ಬದಲಾದರೂ ಅದರ ಕ್ರಯಪತ್ರ, ಹೆಸರು ಬದಲಾವಣೆಯ ಫಾರಂ ಎಲ್ಲ ದತ್ತಮೂರ್ತಿಗಳ ಟೈಪ್‌ರೈಟರಿನ ಕೆಳಗೇ ಹಾದು ಹೋಗಬೇಕು. ಹಾಗಾಗಿ ಎಂಜಿನ್ ನಂಬರು, ಚಾಸಿ ನಂಬರು, ಎಷ್ಟು ಸಿಸಿ, ಎಷ್ಟು ಸೀಟು, ಖಾಲಿ ಗಾಡಿಯ ತೂಕ ಎಷ್ಟು, ಎಲ್ಲ ಬಾಯಿಪಾಠ. ಬಾನೆಟ್ಟು ತೆಗೆದರೆ ಒಳಗೆ ಏನಿರುತ್ತದೆ ಎಂದು ಮಾತ್ರ ಅವರು ಒಂದು ದಿನವೂ ಇಣುಕಿ ನೋಡಿದವರಲ್ಲ.

ಎರಡು ಸಾವಿರದ ಐದನೇ ಇಸವಿಯ ಫೆಬ್ರವರಿಯಲ್ಲಿ ಜಯಪುರದ ಹತ್ತಿರ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೇ ಎಲ್ಲಕ್ಕೂ ಮೂಲ. ಪಂಕ್ತಿಯಲ್ಲಿ ಒಂದೇ ಒಂದು ಎಲೆ ಖಾಲಿ ಇತ್ತು. ಅದು ಯಾಕೆ ಖಾಲಿ ಇದೆ ಎಂದು ಯೋಚಿಸುವ ಗುಣ ದತ್ತಮೂರ್ತಿಗಳದಲ್ಲ. ಹೋಗಿ ಕೂತರು. ಕೂತ ಮೇಲೆ ನೋಡಿದರೆ ಬಲಗಡೆ ನಾರ್ವೆಯ ಸುಬ್ಬರಾಯ, ಎಡಗಡೆ ಮೆಣಸೆಯ ಹಿರಿಯಣ್ಣ.

ಇವರಿಬ್ಬರೂ ಬಾವ-ಬಾವಂದಿರು. ಸುಬ್ಬರಾಯನ ತಂಗಿ ನಾಗವೇಣಿಯನ್ನು ಹಿರಿಯಣ್ಣನಿಗೆ ಕೊಟ್ಟಿತ್ತು. ಹನ್ನೊಂದು ವರ್ಷದ ಹಿಂದೆ ಹಿರಿಯಣ್ಣ ಒಂದು ಸೆಕೆಂಡ್‌ಹ್ಯಾಂಡ್ ಫಿಯಟ್ ತಂದು ಹೆಂಡತಿಯ ತವರಿನ ಅಂಗಳದಲ್ಲಿ ನಿಲ್ಲಿಸಿದಾಗ, ಆಗಲೇ ಅಂಬಾಸಿಡರಿನ ಒಡೆಯನಾಗಿದ್ದ ಸುಬ್ಬರಾಯ ಅದನ್ನು ಸುತ್ತು ಹಾಕಿ ನೋಡಿ, "ಬಾವ, ಇದ್ರ ಒಳಗೆ ಕೂರೋದಾ, ಇಲ್ಲ ಇದನ್ನ ಮೈಗೆ ಹಾಕ್ಕೊಳ್ಳೋದಾ?" ಎಂದು ಕೇಳಿದ್ದ. ಹಿರಿಯಣ್ಣ ಕಾಫಿ ಲೋಟ ಕೆಳಗಿಟ್ಟು, "ನಿಮ್ದು ಕಾರಲ್ಲ ಬಾವ, ಕಣಜ. ಯಾರೋ ಚಕ್ರ ಹಾಕಿದಾರೆ" ಎಂದಿದ್ದ. ಅಂದಿನಿಂದ ಇಬ್ಬರಿಗೂ ನೇರ ಮಾತಿಲ್ಲ. ಏನು ಹೇಳುವುದಿದ್ದರೂ ಮೂರನೆಯವರಿಗೆ ಹೇಳುವುದು.

ಅಂದು ಮೂರನೆಯವನಾಗಿ ಸಿಕ್ಕಿದವನು ಸಾರು ಬಡಿಸುವವನು.

"ಇಲ್ಲಿಗೆ ಸ್ವಲ್ಪ ಹಾಕು ಮಾರಾಯ," ಎಂದ ಸುಬ್ಬರಾಯ. "ದೊಡ್ಡ ಕಾರಲ್ಲಿ ಬಂದವ್ರಿಗೆ ಹಸಿವು ಜಾಸ್ತಿ."

"ದೊಡ್ಡ ಕಾರಿಗೇ ಹಸಿವು ಜಾಸ್ತಿ," ಎಂದು ಹಿರಿಯಣ್ಣ ಎಲೆಯ ಮೇಲಿನ ಕೋಸಂಬರಿಗೆ ಹೇಳಿದ. "ಪೆಟ್ರೋಲ್ ಬಂಕಿನವ್ರು ಕಂಡ್ ಕೂಡ್ಲೆ ಎದ್ದು ನಿಂತು ಕೈ ಮುಗೀತಾರೆ."

"ಅದ್ರ ಶಕ್ತಿ ಎಷ್ಟು ಅಂತ ಗೊತ್ತಿದ್ದವ್ರು ಮಾತಾಡ್ಬೇಕು."

"ಎಷ್ಟಂತೆ ಕೇಳಪ್ಪ."

ಎಷ್ಟೆಂದು ಸುಬ್ಬರಾಯನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ದತ್ತಮೂರ್ತಿಗಳು ಹೋಳಿಗೆ ಮುರಿಯುತ್ತ, ಯಾರೋ ಟೈಮೆಷ್ಟು ಎಂದು ಕೇಳಿದಾಗ ಹೇಳುವಂತೆ, "ಸಾವಿರದ ನಾನೂರ ಎಂಬತ್ತೊಂಬತ್ತು ಸಿಸಿ" ಎಂದುಬಿಟ್ಟರು.

ಎರಡೂ ಕಡೆಯ ಕೈ ಎಲೆಯ ಮೇಲೆ ನಿಂತಿತು.

"ಮತ್ತೆ ಫಿಯಟ್ಟು?" ಎಂದ ಹಿರಿಯಣ್ಣ.

"ಸಾವಿರದ ಎಂಬತ್ತೊಂಬತ್ತು. ನಾಲ್ಕು ಸಿಲಿಂಡರು. ನಿಮ್ದು ಎಂಬತ್ತಾರನೇ ಮಾಡೆಲ್ಲು ಅಲ್ವ? ಚಾಸಿ ನಂಬರಿನ ಕೊನೇಲಿ ಏಳು ಸೊನ್ನೆ ಮೂರು ಎರಡು."

ಪಂಕ್ತಿಯ ಆ ತುದಿಯಲ್ಲಿದ್ದವರೂ ಬಗ್ಗಿ ನೋಡಿದರು. ಸ್ವಂತ ಕಾರಿನ ಚಾಸಿ ನಂಬರನ್ನು ಬೇರೊಬ್ಬರ ಬಾಯಲ್ಲಿ ಕೇಳಿದ ಹಿರಿಯಣ್ಣನಿಗೆ ದೇವಸ್ಥಾನದಲ್ಲಿ ತನ್ನ ನಕ್ಷತ್ರ ಕೇಳಿದಷ್ಟು ಸಂತೋಷವಾಯಿತು. "ಮೇಷ್ಟ್ರೆ, ನಿಮ್ಗೆ ಗಾಡಿ ವಿಷಯ ಇಷ್ಟೆಲ್ಲ ಗೊತ್ತಿದೆ ಅಂತ ಗೊತ್ತೇ ಇರ್ಲಿಲ್ಲ" ಎಂದ.

ದತ್ತಮೂರ್ತಿಗಳು ಸತ್ಯವನ್ನೇ ನುಡಿದರು. "ಎಷ್ಟೋ ಗಾಡಿಗಳು ನನ್ನ ಕೈಯಿಂದ ದಾಟಿ ಹೋಗಿದಾವೆ."

ಈ ಒಂದು ವಾಕ್ಯ ಕೈ ತೊಳೆಯುವ ಹೊತ್ತಿಗೆ ಚಪ್ಪರದಾಚೆ ಹೋಯಿತು. ಮೂರು ದಿನದಲ್ಲಿ ಶೃಂಗೇರಿ ಮುಟ್ಟಿತು. ಮುಟ್ಟುವಾಗ, ದತ್ತಮೂರ್ತಿಗಳು ಪ್ರಾಯದಲ್ಲಿ ಬೊಂಬಾಯಿಯಲ್ಲಿ ಕಾರಿನ ಕಾರ್ಖಾನೆಯಲ್ಲಿದ್ದರು ಎಂಬ ಸಂಗತಿಯೂ ಅದಕ್ಕೆ ಸೇರಿಕೊಂಡಿತ್ತು.

ಮರುವಾರದಿಂದ ಟೈಪಿಂಗ್ ಕ್ಲಾಸಿಗೆ ಜನ ಬರತೊಡಗಿದರು. ಒಬ್ಬರ ಕಾರು ಬೆಳಿಗ್ಗೆ ಕೆಮ್ಮುತ್ತದೆ, ಇನ್ನೊಬ್ಬರದು ಏರಿನಲ್ಲಿ ಮುನಿಸಿಕೊಳ್ಳುತ್ತದೆ. ದತ್ತಮೂರ್ತಿಗಳು ಎಂದೋ ಒಂದು ಗ್ಯಾರೇಜಿನ ಮುಂದೆ ನಡೆದು ಹೋಗುವಾಗ ಕೇಳಿದ ಒಂದೇ ಒಂದು ಪ್ರಶ್ನೆ ಅವರ ಬಳಿ ಇತ್ತು. ಅದನ್ನೇ ಕೇಳುತ್ತಿದ್ದರು. "ಹೊಗೆ ಎಂತ ಬಣ್ಣ?"

ಬಿಳಿ ಎಂದರೂ, ಕಪ್ಪು ಎಂದರೂ, ನೀಲಿ ಎಂದರೂ ಅವರು ಕಣ್ಣು ಮುಚ್ಚಿ, "ಅದೇ ನೋಡಿ" ಎನ್ನುತ್ತಿದ್ದರು. ಬಂದವರಿಗೆ ಅಷ್ಟರಲ್ಲೇ ಸಮಾಧಾನ. ಆಮೇಲೆ ಹೇಗೂ ಅವರು ಮೆಕ್ಯಾನಿಕ್ ಶಾಂತವೀರಪ್ಪನ ಗ್ಯಾರೇಜಿಗೇ ಹೋಗುತ್ತಿದ್ದರು.

ಮನೆಯಲ್ಲಿ ಹೆಂಡತಿ ವೇದಾವತಿ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿದರು. "ಅಲ್ಲ, ನೀವು ಕಾರು ಬಿಟ್ಟಿದ್ದು ನಾನು ಕಾಣ್ಲೇ ಇಲ್ವಲ್ಲ."

"ಬಿಟ್ಟೆ ಅಂತ ನಾನು ಹೇಳ್ಲಿಲ್ಲ."

"ಬಿಡ್ಲಿಲ್ಲ ಅಂತ ಹೇಳಿದ್ರ?"

"ಯಾರೂ ಕೇಳ್ಲಿಲ್ಲ."

"ಬೊಂಬಾಯಿಗೆ ಯಾವಾಗ ಹೋಗಿದ್ರಿ?"

"ಅದು ನಂಗೂ ಗೊತ್ತಿಲ್ಲ ಮಾರಾಯ್ತಿ," ಎಂದರು ದತ್ತಮೂರ್ತಿಗಳು.

ಈ ಹೆಸರು ಹೀಗೇ ಹೊಗೆಯ ಬಣ್ಣದಲ್ಲೇ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಒಂದು ಬುಧವಾರ ಮಧ್ಯಾಹ್ನ ಕ್ಲಾಸಿನ ಮೆಟ್ಟಿಲನ್ನು ಎಂಬತ್ತೆರಡು ವರ್ಷದ ಗಿರಿಯಮ್ಮ ಕೋಲೂರಿಕೊಂಡು ಹತ್ತಿ ಬಂದರು. ಸುಬ್ಬರಾಯನ ತಾಯಿ, ಹಿರಿಯಣ್ಣನ ಅತ್ತೆ. ಡಾಕ್ಟರಲ್ಲಿಗೆ ಕರೆತಂದಿದ್ದ ಮಗ ಮಾತ್ರೆ ತರಲು ಹೋದ ಹೊತ್ತು ನೋಡಿ ಬಂದಿದ್ದರು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಈ ಕಿಟಕಿಯಿಂದ ಆ ಕಿಟಕಿಗೆ ಹೋಗುತ್ತ, ಮಗ ಬಂದನೋ ಎಂದು ಬೀದಿ ನೋಡುತ್ತ ಮಾತಾಡಿದರು.

"ಕಾರಿನ ತೀರ್ಪು ಹೇಳೋರು ನೀವೇನ?"

"ತೀರ್ಪು ಅಂತಲ್ಲ..."

"ಎನ್.ಆರ್. ಪುರದಲ್ಲಿ ನನ್ನ ತಂಗಿ ಇದಾಳೆ, ಸಣ್ಣಕ್ಕ ಅಂತ. ಸೊಂಟ ಮುರ್ಕೊಂಡು ಮಲಗಿದಾಳೆ. ಫೋನ್ ಮಾಡಿದ್ರೆ ಕಿವಿ ಕೇಳಲ್ಲ. ನಾನು ಹೇಗಿದೀಯೆ ಅಂದ್ರೆ ಅವಳು ಊಟ ಆಯ್ತು ಅಂತಾಳೆ. ನೋಡಿ ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷವಾ? ಇಬ್ರ ಹತ್ರಾನೂ ಕಾರು ಇದೆಯಲ್ಲ."

"ಇರೋದಕ್ಕೇ ಆಗಿದ್ದು. ಮಗನ ಕಾರಲ್ಲಿ ಹೊರಟ್ರೆ, ಅಳಿಯನ ಕಾರು ಕಾರಲ್ವಾ ಅಂತ ಮಗಳು ಅಳ್ತಾಳೆ. ಅಳಿಯನ ಕಾರಲ್ಲಿ ಹೊರಟ್ರೆ, ನಾನು ಸತ್ತಿದೀನಾ ಅಂತ ಮಗ ಊಟ ಬಿಡ್ತಾನೆ. ಬಸ್ಸಲ್ಲಿ ಹೋಗ್ತೀನಿ ಅಂದ್ರೆ, ಎರಡು ಕಾರಿರೋ ಮನೆ ಮುದುಕಿ ಬಸ್ಸು ಹತ್ತಿದ್ರೆ ಜನ ಎಂತ ಅಂತಾರೆ ಅಂತ ಇಬ್ರೂ ಒಟ್ಟಿಗೇ ಹೇಳ್ತಾರೆ. ಅದೊಂದ್ರಲ್ಲಿ ಒಗ್ಗಟ್ಟು." ಗಿರಿಯಮ್ಮ ಕಿಟಕಿ ಬಿಟ್ಟು ಹತ್ತಿರ ಬಂದರು. "ನೀವು ಹೇಳಿದ್ರೆ ಇಬ್ರೂ ಕೇಳ್ತಾರಂತೆ. ಯಾವ್ದಾದ್ರೂ ಒಂದು ಒಳ್ಳೇದು ಅಂತ ಹೇಳ್ಬಿಡಿ ಮಾರಾಯ್ರೆ. ಯಾವ್ದಾದ್ರೂ."

ತನಗೇನೂ ಗೊತ್ತಿಲ್ಲ ಎಂದು ಹೇಳಲು ದತ್ತಮೂರ್ತಿಗಳು ಬಾಯಿ ತೆರೆದರು. ಬಾಯಿಂದ ಬಂದದ್ದು, "ಆಗ್ಲಿ ಅಮ್ಮ" ಎಂದು.

ಎರಡು ದಿನ ಬಿಟ್ಟು, ಗಿರಿಯಮ್ಮ ಹೇಳಿ ಕಳಿಸಿದ್ದರಿಂದ, ಬಾವಂದಿರಿಬ್ಬರೂ ಕ್ಲಾಸಿಗೆ ಬಂದು ಎದುರುಬದುರು ಗೋಡೆಗೆ ಒರಗಿ ನಿಂತರು. ಜೊತೆಗೆ ಶಾಂತವೀರಪ್ಪನೂ ಬಂದಿದ್ದ. ಅವನಿಗೆ ಇತ್ತೀಚೆಗೆ ಗಿರಾಕಿಗಳೆಲ್ಲ ಹೊಗೆಯ ಬಣ್ಣ ಹೇಳಿಕೊಂಡೇ ಬರುತ್ತಿದ್ದುದರಿಂದ ಮೇಷ್ಟ್ರ ಮೇಲೆ ಒಂದು ಕಣ್ಣಿತ್ತು.

"ಸುಮ್ನೆ ಕೂತು ಹೇಳಿದ್ರೆ ಆಗಲ್ಲ," ಎಂದ ಶಾಂತವೀರಪ್ಪ. "ಮೇಷ್ಟ್ರು ಎರಡೂ ಗಾಡಿನ ಸ್ವತಃ ಬಿಟ್ಟು ನೋಡ್ಲಿ. ಸ್ಟೇರಿಂಗ್ ಹಿಡೀದೆ ಗಾಡಿ ಗುಣ ಗೊತ್ತಾಗತ್ತ?"

ಬಾವಂದಿರಿಬ್ಬರೂ ತಲೆಯಾಡಿಸಿದರು. ದತ್ತಮೂರ್ತಿಗಳ ಬೆರಳು ಟೈಪ್‌ರೈಟರಿನ ಮೇಲೆ ತಾನಾಗಿ ಓಡಾಡಿತು. ಕಷ್ಟಕಾಲದಲ್ಲಿ ಮನುಷ್ಯನಿಗೆ ತನ್ನ ಕಸುಬೇ ನೆನಪಾಗುವುದು.

"ಅಡಿಗೆ ರುಚಿ ನೋಡೋರು ಸೌಟು ಹಿಡಿಯಲ್ಲ ಶಾಂತವೀರಪ್ಪ," ಎಂದರು. "ಕಾರು ಬೇಕಾಗಿರೋದು ಯಾರಿಗೆ? ಅಮ್ಮನಿಗೆ. ಅವ್ರು ಸ್ಟೇರಿಂಗ್ ಹಿಡೀತಾರ? ಹಿಂದೆ ಕೂರ್ತಾರೆ. ನಾನೂ ಹಿಂದೆ ಕೂತೇ ನೋಡ್ಬೇಕು. ಅದಕ್ಕೊಂದು ಫಾರಂ ಮಾಡ್ತೀನಿ."

ಫಾರಂ ಎಂದ ಕೂಡಲೇ ಎಲ್ಲರಿಗೂ ಗೌರವ ಬಂತು. ಅಲ್ಲೇ ಮೂರು ಪ್ರತಿ ಕಾರ್ಬನ್ ಹಾಕಿ ಟೈಪಾಯಿತು. ಕೂರುವ ಅನುಕೂಲ, ಏರಿನ ಶಕ್ತಿ, ತಿರುವಿನ ನಡತೆ, ಸದ್ದು, ಪೆಟ್ರೋಲು, ಸಾಮಾನಿಡುವ ಜಾಗ. ಸುದ್ದಿ ತಿಳಿದ ನಾಗವೇಣಿ ಮೆಣಸೆಯಿಂದ ಫೋನ್ ಮಾಡಿ, ಡಿಕ್ಕಿಯಲ್ಲಿ ಎಷ್ಟು ಹಲಸಿನಹಣ್ಣು ಹಿಡಿಯುತ್ತದೆ ಎಂಬುದೂ ಬೇಕೆಂದಳು. ವೇದಾವತಿ ಊಟ ಬಡಿಸುತ್ತ, "ಬಾಗಿಲು ಹಾಕುವಾಗ ಸೀರೆ ಸಿಕ್ಕಿಕೊಳ್ತದಾ ಅಂತ ಬರೀರಿ, ಗಂಡಸ್ರಿಗೆ ಅದು ತಲೆಗೆ ಹೋಗಲ್ಲ" ಎಂದರು. ಕೊನೆಗೆ ಹದಿನಾಲ್ಕು ಅಂಕಣವಾಯಿತು. ಹದಿನಾಲ್ಕನೆಯದು 'ಇತರೆ'. ಅದಿಲ್ಲದ ಫಾರಂ ಫಾರಮ್ಮೇ ಅಲ್ಲ ಎಂಬುದು ದತ್ತಮೂರ್ತಿಗಳ ಸಿದ್ಧಾಂತ.

ಮೊದಲ ಪರೀಕ್ಷೆ ಒಂದು ಭಾನುವಾರ ಕೊಪ್ಪದಿಂದ ಶೃಂಗೇರಿಗೆ. ಹೋಗುವಾಗ ಅಂಬಾಸಿಡರು, ಬರುವಾಗ ಫಿಯಟ್ಟು.

ಅಂಬಾಸಿಡರಿನ ಹಿಂದಿನ ಸೀಟು ಪಡಸಾಲೆಯಷ್ಟು ಅಗಲ. ಒಬ್ಬರೇ ಕೂತಿದ್ದ ದತ್ತಮೂರ್ತಿಗಳು ಪ್ರತಿ ತಿರುವಿನಲ್ಲೂ ಹರಿವಾಣದ ನಿಂಬೆಹಣ್ಣಿನಂತೆ ಈ ಬಾಗಿಲಿನಿಂದ ಆ ಬಾಗಿಲಿಗೆ ಜಾರಿದರು. ಆದರೆ ಗುಂಡಿಯಲ್ಲಿ ಇಳಿದದ್ದೇ ಗೊತ್ತಾಗಲಿಲ್ಲ. ಗಾಡಿ ಏರು ಹತ್ತುವಾಗ ಮನೆಯ ಹಿರಿಯರು ಮೆಟ್ಟಿಲು ಹತ್ತುವಂತೆ ಗೊಣಗುತ್ತ, ನಿಲ್ಲದೆ ಹತ್ತಿತು. ಡಿಕ್ಕಿಯಲ್ಲಿ ಒಂಬತ್ತು ಹಲಸಿನಹಣ್ಣು. ಬರುವಾಗ ಫಿಯಟ್ಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ಜಾರಲು ಜಾಗವೇ ಇರಲಿಲ್ಲ. ಆದರೆ ತಿರುವಿನಲ್ಲಿ ಅದು ಕರುವಿನಂತೆ ಸರಕ್ಕನೆ ಹೊರಳುತ್ತಿತ್ತು, ಎದುರಿಗೆ ಲಾರಿ ಬಂದರೆ ಅಂಚಿನಲ್ಲಿ ನುಸುಳುತ್ತಿತ್ತು. ಹಲಸಿನಹಣ್ಣು ಐದು, ಆರನೆಯದನ್ನು ದತ್ತಮೂರ್ತಿಗಳು ತೊಡೆಯ ಮೇಲೆ ಇಟ್ಟುಕೊಂಡರು.

ನಡುದಾರಿಯ ಏರಿನಲ್ಲಿ ಒಬ್ಬ ಟೀಚರಮ್ಮ ಹಳೇ ಮಾರುತಿಯಲ್ಲಿ ಹಾರನ್ನೂ ಮಾಡದೆ ಎರಡೂ ಕಾರನ್ನು ಹಿಂದೆ ಹಾಕಿ ಹೋದರು. ಹಿರಿಯಣ್ಣ ಗಾಡಿ ನಿಲ್ಲಿಸಿದ, ಹಿಂದೆ ಸುಬ್ಬರಾಯನೂ ನಿಲ್ಲಿಸಿದ. "ಸೋಪಿನ ಡಬ್ಬಿ," ಎಂದ ಒಬ್ಬ. "ಅದೂ ಖಾಲಿ ಡಬ್ಬಿ," ಎಂದ ಇನ್ನೊಬ್ಬ. ಬಸ್ಸಿನ ವಿಷಯ ಬಿಟ್ಟರೆ ಹನ್ನೊಂದು ವರ್ಷದಲ್ಲಿ ಅವರು ಪರಸ್ಪರ ಒಪ್ಪಿದ್ದು ಅದೊಂದೇ.

ಕೊಪ್ಪಕ್ಕೆ ಬಂದು ಕೂಡಿಸಿದರೆ ಎರಡಕ್ಕೂ ಎಂಬತ್ತೊಂದು ಅಂಕ. ಇಬ್ಬರ ಮುಖವನ್ನೂ ನೋಡುತ್ತ ಅಂಕ ಹಾಕಿದವನಿಗೆ ಬೇರೆ ಲೆಕ್ಕ ಬರುವುದು ಸಾಧ್ಯವಿರಲಿಲ್ಲ.

"ಇದೆಂತ ತೀರ್ಪು?" ಎಂದ ಸುಬ್ಬರಾಯ.

"ಅಮ್ಮನೇ ಕೂತು ನೋಡ್ದೆ ಮುಗಿಯಲ್ಲ," ಎಂದು ದತ್ತಮೂರ್ತಿಗಳು ತಪ್ಪಿಸಿಕೊಳ್ಳಲು ಅಂದರು. ಅಂದ ಮೇಲೆ ತಾವೇ ಆ ಮಾತಿನ ಚಂದಕ್ಕೆ ಬೆರಗಾದರು. ಎರಡನೇ ಪರೀಕ್ಷೆ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಎಂದಾಯಿತು. ಯಾರ ಕಾರಿಗೂ ಅನ್ಯಾಯವಾಗದಂತೆ ಐದೈದು ಕಿಲೋಮೀಟರಿಗೆ ಅಮ್ಮನನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು ಎಂದು ಬಾವಂದಿರು ಕರಾರು ಮಾಡಿಕೊಂಡರು. ತಂಗಿಯನ್ನು ನೋಡುವುದು ಹೇಗಾದರೂ ಆಗಲಿ ಎಂದು ಗಿರಿಯಮ್ಮ ಒಪ್ಪಿದರು. ಹಿಂದಿನ ದಿನವೇ ಸೀರೆ ಮಡಚಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಐದಕ್ಕೇ ಜಗಲಿಯಲ್ಲಿ ಕೂತಿದ್ದರಂತೆ.

ಹೊರಟಾಗ ಒಂಬತ್ತು ಗಂಟೆ. ಮೊದಲ ಐದು ಕಿಲೋಮೀಟರು ಅಂಬಾಸಿಡರು. ನಿಲ್ಲಿಸಿ, ಬಾಗಿಲು ತೆಗೆದು, ಕೋಲು, ಭರಣಿ, ಸೀರೆಯ ಗಂಟು, ಗಿರಿಯಮ್ಮ, ದತ್ತಮೂರ್ತಿ, ಇಷ್ಟೂ ಫಿಯಟ್ಟಿಗೆ. ಐದು ಕಿಲೋಮೀಟರಿಗೆ ಮತ್ತೆ ಇಷ್ಟೂ ಅಂಬಾಸಿಡರಿಗೆ. ಪ್ರತಿ ಸಲವೂ ಅಳತೆಯ ಬಗ್ಗೆ ವಾದ. ಒಬ್ಬನ ಮೀಟರು ಐದು ಎಂದರೆ ಇನ್ನೊಬ್ಬನದು ನಾಲ್ಕೂ ಮುಕ್ಕಾಲು. ಕಾಲು ಕಿಲೋಮೀಟರು ಹಿಂದೆ ಹೋಗಿ ಮತ್ತೆ ಬರಬೇಕೆಂದು ಹಿರಿಯಣ್ಣ ಹಟ ಹಿಡಿದ. ಹೋಗಿ ಬಂದರು.

"ಹತ್ತೋದು ಇದಕ್ಕೆ ಸುಲಭ, ಇಳಿಯೋದು ಅದಕ್ಕೆ ಸುಲಭ," ಎಂದು ಗಿರಿಯಮ್ಮ ಮೂರನೇ ಬದಲಾವಣೆಯಲ್ಲಿ ಹೇಳಿದರು. "ಅಲ್ಲ ಮೇಷ್ಟ್ರೆ, ಮುಟ್ಟೋದು ಯಾವ್ದಕ್ಕೆ ಸುಲಭ ಅಂತ ಫಾರಂನಲ್ಲಿ ಇಲ್ವಾ?"

ದತ್ತಮೂರ್ತಿಗಳು ಅದನ್ನು 'ಇತರೆ'ಯಲ್ಲಿ ಬರೆದುಕೊಂಡರು.

ನಾಲ್ಕನೇ ಬದಲಾವಣೆ ಅರಣ್ಯ ಇಲಾಖೆಯ ಗೇಟಿನ ಸ್ವಲ್ಪ ಹಿಂದೆ ಆಯಿತು. ಗೇಟಿನ ಗಾರ್ಡು ದೂರದಿಂದ ನೋಡಿದ. ಎರಡು ಹಳೇ ಕಾರು ಬಂದು ನಿಂತವು. ಒಂದರಿಂದ ಒಬ್ಬ ಮುದುಕಿಯನ್ನೂ ಒಂದು ಗಂಟನ್ನೂ ಬಟ್ಟೆ ಕಟ್ಟಿದ ಪಾತ್ರೆಯನ್ನೂ ಇಳಿಸಿ ಇನ್ನೊಂದಕ್ಕೆ ಹಾಕಿದರು. ಮಧ್ಯೆ ಒಬ್ಬ ಕನ್ನಡಕದವನು ಕಾಗದದಲ್ಲಿ ಏನೋ ಬರೆದುಕೊಂಡ. ಇಷ್ಟು ಅನುಮಾನಕ್ಕೆ ಸಾಕು. ಗೇಟಿಗೆ ಬಂದಾಗ ಮುಂದೆ ನಿಲ್ಲುವುದು ತಾನೇ ಎಂದು ಇಬ್ಬರೂ ಗಾಡಿಯನ್ನು ಅಕ್ಕಪಕ್ಕ ತಂದು ನಿಲ್ಲಿಸಿದ್ದರಿಂದ ರಸ್ತೆ ಪೂರ್ತಿ ಮುಚ್ಚಿಹೋಯಿತು.

ಗಾರ್ಡು ಎಲ್ಲರನ್ನೂ ಇಳಿಸಿ ಭರಣಿ ಮೂಸಿ ನೋಡಿದ. ಅವನ ಬಾಯಲ್ಲಿ ನೀರು ಬಂದರೂ ಅನುಮಾನ ಹೋಗಲಿಲ್ಲ. ದತ್ತಮೂರ್ತಿಗಳ ಕೈಯಿಂದ ಫಾರಂ ತೆಗೆದುಕೊಂಡು ಗಟ್ಟಿಯಾಗಿ ಓದಿದ.

"ಹತ್ತುವಾಗ ಅಮ್ಮನವರ ನರಳಿಕೆ, ಎರಡು ಸಲ. ಇಳಿಯುವಾಗ ನರಳಿಕೆ, ಒಂದು ಸಲ." ತಲೆ ಎತ್ತಿದ. "ಇದೆಂತ ಇದು?"

"ಪರೀಕ್ಷೆ," ಎಂದರು ದತ್ತಮೂರ್ತಿಗಳು.

"ಮುದುಕಿ ಮೇಲಾ?"

"ಕಾರಿನ ಮೇಲೆ."

"ಮತ್ತೆ ನರಳಿದ್ದು ಕಾರಾ?"

ಸುಬ್ಬರಾಯ, ಹಿರಿಯಣ್ಣ ಇಬ್ಬರೂ ಒಟ್ಟಿಗೆ ವಿವರಿಸತೊಡಗಿದರು. ಆ ವಿವರಣೆ ಅರ್ಧಕ್ಕೇ ಜಗಳವಾಯಿತು. "ಅವ್ವ ನರಳಿದ್ದು ಅವ್ರ ಗಾಡೀಲಿ ಅಂತ ಹೇಳಿ ಮೇಷ್ಟ್ರೆ." "ಅತ್ತೆ ನರಳಿದ್ದು ಎಲ್ಲಿ ಅಂತ ಕಾಗದದಲ್ಲೇ ಇದೆ." ಗಾರ್ಡಿಗೆ ತಲೆ ಕೆಟ್ಟು, ಇಬ್ಬರ ಹೆಸರು ವಿಳಾಸ ಬರೆದುಕೊಳ್ಳಲು ಗೇಟಿನ ಕೋಣೆಗೆ ಕರೆದುಕೊಂಡು ಹೋದ.

ಅಷ್ಟರಲ್ಲಿ ಹಿಂದೆ ನರಸಿಂಹರಾಜಪುರದ ಬಸ್ಸು ಬಂದು ನಿಂತು ಹಾರನ್ ಒತ್ತತೊಡಗಿತು. ಗಾರ್ಡು ಕೋಣೆಯ ಕಿಟಕಿಯಿಂದ ಕೂಗಿದ. "ರೀ ಕನ್ನಡಕದೋರೆ, ಆ ದೊಡ್ಡ ಗಾಡಿ ಸ್ವಲ್ಪ ಮುಂದೆ ತೆಗೀರಿ."

ದತ್ತಮೂರ್ತಿಗಳ ಜೀವನದಲ್ಲಿ ಆ ಗಳಿಗೆ ಬಂತು. ಅವರು ಎಲ್ಲರಿಗೂ ಕೇಳುವಂತೆ, ಸ್ಪಷ್ಟವಾಗಿ ಹೇಳಿದರು. "ನಂಗೆ ಕಾರು ಬಿಡೋಕೆ ಬರಲ್ಲ."

ಬಸ್ಸಿನಿಂದ ಇಳಿದಿದ್ದ ಕಂಡಕ್ಟರು ನಕ್ಕ. "ಟೈಪಿಂಗ್ ಮೇಷ್ಟ್ರಲ್ವ ನೀವು? ನಮ್ಮ ಮಾವನ ಗಾಡಿದು ಹೊಗೆ ಬಣ್ಣ ಕೇಳಿ ಹೇಳಿದ್ರಲ್ಲ."

ಒಳಗಿನಿಂದ ಸುಬ್ಬರಾಯ, "ಬೊಂಬಾಯೀಲಿ ಇದ್ದವ್ರು ಮಾರಾಯ್ರೆ, ಅವ್ರ ಮಾತೇ ಹಂಗೆ, ಅಹಂಕಾರ ಇಲ್ಲ" ಎಂದು ಗಾರ್ಡಿಗೆ ಹೇಳುವುದು ಕೇಳಿಸಿತು.

"ನಿಜವಾಗ್ಲೂ ಬರಲ್ಲ," ಎಂದರು ದತ್ತಮೂರ್ತಿಗಳು.

"ಲೈಸೆನ್ಸ್ ಮನೇಲಿ ಬಿಟ್ಟು ಬಂದಿದೀರಾ? ಪರವಾಗಿಲ್ಲ, ಹತ್ತು ಅಡಿಗೆ ಯಾರು ಕೇಳ್ತಾರೆ," ಎಂದು ಕಂಡಕ್ಟರು ಬಾಗಿಲು ತೆಗೆದು, ಕೈ ಹಿಡಿದು ಕೂರಿಸಿಯೇಬಿಟ್ಟ. ಬಸ್ಸಿನ ಕಿಟಕಿಗಳಲ್ಲಿ ಮೂವತ್ತು ತಲೆ ಹೊರಗೆ ಬಂದವು. ಕೀಲಿ ಅದರಲ್ಲೇ ಇತ್ತು. ಗೇರು ಹಾಕಿಯೇ ಇತ್ತು ಎಂಬುದು ದತ್ತಮೂರ್ತಿಗಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದರಿಂದ ಏನಾಗುತ್ತದೆಂದು ಗೊತ್ತಿರಲಿಲ್ಲ. ಕೆಳಗಿದ್ದ ಮೂರು ಪೆಡಲುಗಳಲ್ಲಿ ನಡುವಿನದು ನ್ಯಾಯವಾಗಿ ಕಂಡಿತು. ಆದರೆ ಕಾಲು ಬಲಗಡೆಯದರ ಮೇಲೆ ಬಿತ್ತು. ಕೀಲಿ ತಿರುಗಿಸಿದರು.

ಅಂಬಾಸಿಡರು ಮೂರು ಸಲ ಹಾರಿತು. ನಾಲ್ಕನೇ ಸಲ ಹಾರದೆ, ಎಡಕ್ಕೆ ತಿರುಗಿ, ಎಮ್ಮೆ ಕೆಸರಿಗೆ ಇಳಿಯುವಷ್ಟು ನಿಧಾನವಾಗಿ ರಸ್ತೆಬದಿಯ ಚರಂಡಿಗೆ ಮುಂದಿನ ಚಕ್ರ ಇಳಿಸಿ, ಒಂದು ಕಲ್ಲಿಗೆ ತಾಗಿ ಸುಮ್ಮನಾಯಿತು.

ರಸ್ತೆ ಮಾತ್ರ ಖಾಲಿಯಾಯಿತು.

ಕಂಡಕ್ಟರು ಚರಂಡಿಗೆ ಬಗ್ಗಿ ನೋಡಿ, "ಹೌದು, ಬರಲ್ಲ ಇವ್ರಿಗೆ" ಎಂದ.

ಮರದ ಬುಡದಲ್ಲಿ ಕಲ್ಲಿನ ಮೇಲೆ ಕೂತಿದ್ದ ಗಿರಿಯಮ್ಮ ಎದ್ದರು. ಚರಂಡಿಯಲ್ಲಿದ್ದ ಕಾರನ್ನು ಒಮ್ಮೆ ನೋಡಿದರು. ಕೋಣೆಯೊಳಗೆ ಇನ್ನೂ ನಡೆಯುತ್ತಿದ್ದ ಜಗಳವನ್ನು ಒಮ್ಮೆ ಕೇಳಿಸಿಕೊಂಡರು. ಕೋಲೂರುತ್ತ ಬಸ್ಸಿನ ಹತ್ತಿರ ಹೋದರು.

"ಇದು ಎನ್.ಆರ್. ಪುರಕ್ಕೆ ಹೋಗತ್ತ?"

"ಹೋಗತ್ತೆ ಅಜ್ಜಿ."

"ಮಧ್ಯೆ ಇಳ್ಸಿ ಬೇರೆ ಬಸ್ಸಿಗೆ ಹಾಕ್ತೀರ?"

"ಇಲ್ಲಪ್ಪ, ಯಾಕೆ?"

ಗಿರಿಯಮ್ಮ ಹತ್ತಿದರು. ಮೇಲಿನ ಮೆಟ್ಟಿಲಿನಿಂದ ತಿರುಗಿ, ಕಾರಿನಿಂದ ಇಳಿದು ನಿಂತಿದ್ದ ದತ್ತಮೂರ್ತಿಗಳನ್ನು ಕರೆದರು. "ಬನ್ನಿ ಮೇಷ್ಟ್ರೆ. ಭರಣಿ ಹಿಡ್ಕೊಳ್ಳೋಕೆ ಒಬ್ರು ಬೇಕು. ಅದಾದ್ರೂ ಬರತ್ತಲ್ಲ?"

ದತ್ತಮೂರ್ತಿಗಳು ಭರಣಿ ಎತ್ತಿಕೊಂಡು ಬಸ್ಸು ಹತ್ತಿದರು. ಸುಬ್ಬರಾಯ ಹೊರಗೆ ಬರುವ ಮೊದಲು ಬಸ್ಸು ಹೊರಟಿದ್ದು ಅವರ ಪುಣ್ಯ.

ಸಣ್ಣಕ್ಕನ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ. ಒಳಗೆ ಕಿಟಕಿಯ ಹತ್ತಿರ ಮಂಚ. ಗಿರಿಯಮ್ಮ ಹೊಸಿಲು ದಾಟಿದವರು ಮಂಚದ ಅಂಚಿಗೆ ಕೂತು ತಂಗಿಯ ಕೈ ಹಿಡಿದುಕೊಂಡರು. ಸಣ್ಣಕ್ಕ ಕಣ್ಣು ಕಿರಿದು ಮಾಡಿ ನೋಡಿ, ಗುರುತು ಹಿಡಿದು, ಏಳಲು ಹೋಗಿ ಆಗದೆ, ಅಕ್ಕನ ಮುಂಗೈಯನ್ನೇ ಎರಡೂ ಕೈಯಲ್ಲಿ ಸವರಿದರು. ಬೆಳಿಗ್ಗೆ ಒಂಬತ್ತರಿಂದ ಹತ್ತಿ ಇಳಿಯುತ್ತಲೇ ಇದ್ದ ಗಿರಿಯಮ್ಮ ಈಗ ಅಲುಗಾಡದೆ ಕೂತಿದ್ದರು. ದತ್ತಮೂರ್ತಿಗಳಿಗೆ ಭರಣಿ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೇಳುವ ಹೊತ್ತೂ ಅದಲ್ಲ ಎನಿಸಿತು.

"ಎಷ್ಟು ಸಣ್ಣ ಆಗಿದೀಯ ಅಕ್ಕ," ಎಂದರು ಸಣ್ಣಕ್ಕ.

"ನಿನ್ನ ಕಣ್ಣಿಗೆ ಹಂಗೆ ಕಾಣತ್ತೆ. ನೋವು ಇದೆಯೇನೆ?"

"ಊಟ ಆಗಿಲ್ಲ ಇನ್ನೂ. ಯಾರ ಕಾರಲ್ಲಿ ಬಂದೆ?"

"ಬಸ್ಸಲ್ಲಿ ಬಂದೆ."

"ಯಾರ್ದು?"

"ಬಸ್ಸು, ಬಸ್ಸು," ಎಂದು ಗಿರಿಯಮ್ಮ ತಂಗಿಯ ಕಿವಿಗೆ ಬಾಯಿಟ್ಟು ಹೇಳಿದರು. "ಆರು ರೂಪಾಯಿ ಟಿಕೀಟು. ದಿನಾ ನಾಲ್ಕು ಸಲ ನಮ್ಮ ಮನೆ ಮುಂದೇ ಹೋಗತ್ತೆ ಕಣೆ. ಹನ್ನೊಂದು ವರ್ಷದಿಂದ ಹೋಗ್ತಾನೇ ಇದೆ."

ಸಣ್ಣಕ್ಕ ನಗತೊಡಗಿದರು. ನಕ್ಕರೆ ಸೊಂಟ ನೋಯುತ್ತದೆ ಎಂದು ಅಳುತ್ತ ನಕ್ಕರು. ಗಿರಿಯಮ್ಮನೂ ಅದೇ ಮಾಡಿದರು.

ಮುಕ್ಕಾಲು ಗಂಟೆಯ ಮೇಲೆ ಹೊರಗೆ ಒಂದು ಕಾರು ನಿಂತಿತು. ಒಂದೇ. ಫಿಯಟ್ಟು. ಅಂಬಾಸಿಡರಿನ ಮುಂದಿನ ಚಕ್ರದ ರಾಡು ಕಲ್ಲಿಗೆ ಬಡಿದು ಬಗ್ಗಿದ್ದರಿಂದ ಅದು ಗೇಟಿನ ಹತ್ತಿರವೇ ಉಳಿದಿತ್ತು. ಎಡಗಡೆಯ ಬಾಗಿಲಿನಿಂದ ಸುಬ್ಬರಾಯ ಮೊದಲು ತಲೆ, ಆಮೇಲೆ ಒಂದು ಭುಜ, ಆಮೇಲೆ ಉಳಿದದ್ದು ಎಂಬ ಕ್ರಮದಲ್ಲಿ ಇಳಿದ. ದಾರಿಯುದ್ದಕ್ಕೂ ಸಿಕ್ಕಸಿಕ್ಕವರನ್ನೆಲ್ಲ ಮುದುಕಿಯೊಬ್ಬರನ್ನು ಕಂಡಿರಾ ಎಂದು ಕೇಳುತ್ತ ಬಂದು ಇಬ್ಬರ ಗಂಟಲೂ ಕಟ್ಟಿತ್ತು. ಹಿರಿಯಣ್ಣ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿದ್ದ. ಇನ್ನೊಂದು ಎಲ್ಲಿ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ.

ದತ್ತಮೂರ್ತಿಗಳು ಕಂಬದ ಹಿಂದೆ ಸರಿದು ಭರಣಿಯನ್ನು ಎದೆಗೆ ಅಡ್ಡ ಹಿಡಿದರು. ಆದರೆ ಅವರನ್ನು ಯಾರೂ ನೋಡಲಿಲ್ಲ.

"ಅವ್ವ, ಹೇಳ್ದೆ ಕೇಳ್ದೆ ಹೊರಟ್‌ಬಿಟ್ಯಲ್ಲ," ಎಂದ ಸುಬ್ಬರಾಯ.

"ಹನ್ನೊಂದು ವರ್ಷ ಹೇಳಿದೆ, ಕೇಳಿದೆ," ಎಂದರು ಗಿರಿಯಮ್ಮ. "ಇವತ್ತೊಂದು ದಿನ ಹೇಳ್ದೆ ಕೇಳ್ದೆ ಬಂದೆ."

ಬಾವಂದಿರು ಬಾಗಿಲಲ್ಲಿ ಪಕ್ಕಪಕ್ಕ ನಿಂತಿದ್ದರು. ಬಾಗಿಲು ಚಿಕ್ಕದು, ಭುಜಕ್ಕೆ ಭುಜ ತಾಗುತ್ತಿತ್ತು. ಇಬ್ಬರೂ ಸರಿಯಲಿಲ್ಲ.

"ಇವಳು ಎದ್ದು ನಾಲ್ಕು ಹೆಜ್ಜೆ ಹಾಕೋತನಕ ನಾನು ಇಲ್ಲೇ ಇರೋಳು," ಎಂದು ಗಿರಿಯಮ್ಮ ಮುಂದುವರಿಸಿದರು. "ಕರ್ಕೊಂಡು ಹೋಗೋಕೆ ಇಬ್ರೂ ಬಂದ್ರೆ ನಾನು ಬರಲ್ಲ. ಒಂದು ಕಾರು ಬರ್ಲಿ. ಯಾವ್ದು ಅಂತ ನೀವೇ ಮಾತಾಡ್ಕೊಳ್ಳಿ."

ಮಜ್ಜಿಗೆ ಕುಡಿದು ನಾಲ್ಕು ಗಂಟೆಗೆ ಮೂವರೂ ಫಿಯಟ್ಟಿನಲ್ಲಿ ಕೊಪ್ಪಕ್ಕೆ ಹೊರಟರು. ಬಾವಂದಿರು ಮುಂದೆ, ದತ್ತಮೂರ್ತಿಗಳು ಹಿಂದೆ. ಗೇಟಿನ ಹತ್ತಿರ ಸುಬ್ಬರಾಯ ಚರಂಡಿಯಲ್ಲಿದ್ದ ತನ್ನ ಅಂಬಾಸಿಡರನ್ನು ನೋಡಿದ. ದತ್ತಮೂರ್ತಿಗಳು ಗಾರ್ಡು ವಾಪಸು ಕೊಟ್ಟ ಮೂರೂ ಪ್ರತಿ ಫಾರಮ್ಮಿನಲ್ಲಿ ತಲೆ ಹುದುಗಿಸಿದರು. "ನಾಳೆ ಶಾಂತವೀರಪ್ಪನ್ನ ಕರ್ಕೊಂಡು ಬಂದ್ರಾಯ್ತು. ರಿಪೇರಿ ಮುಗಿಯೋತನಕ ಮೇಷ್ಟ್ರು ದಿನಾ ಗ್ಯಾರೇಜಿಗೆ ಬಂದು ಕೂರ್ಬೇಕು. ಬಾನೆಟ್ಟಿನ ಒಳಗೆ ಎಂತ ಇರತ್ತೆ ಅಂತ ಒಂದ್ಸಲ ನೋಡ್ಲಿ," ಎಂದಷ್ಟೇ ಹೇಳಿದ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಿರೀಕ್ಷಿಸಿದ್ದ ದತ್ತಮೂರ್ತಿಗಳು ಕೂಡಲೇ ಒಪ್ಪಿಕೊಂಡರು.

ಎರಡು ಮೈಲಿ ದಾಟಿತು. ಆಮೇಲೆ ಹಿರಿಯಣ್ಣ ನೇರವಾಗಿ ಸುಬ್ಬರಾಯನಿಗೇ ಹೇಳಿದ.

"ಬಾವ, ಅತ್ತೇನ ಕರ್ಕೊಂಡು ಬರೋಕೆ ನಿಮ್ಮ ಕಾರೇ ಆಗ್ಲಿ. ಕಾಲು ಚಾಚಿ ಕೂರ್ಬೋದು."

"ಛೆ, ನಿಮ್ದೇ ಇರ್ಲಿ ಬಾವ. ಇದು ಹಗುರ, ಕುಲುಕಲ್ಲ."

"ಕುಲುಕತ್ತೆ. ನಿಮ್ದು ಮಂಚದ ಹಾಗಿದೆ."

"ಮಂಚ ಎಂತಕ್ಕೆ? ತಿರುವಿನಲ್ಲಿ ಜಾರತ್ತೆ. ಇದು ಜಾರಲ್ಲ. ನಾನು ಈಗ ಕೂತು ನೋಡ್ತಾ ಇದೀನಲ್ಲ."

"ನನ್ನ ಕಾರು ಸಣ್ಣದು ಅಂತ ನಾನೇ ಹೇಳ್ತಾ ಇದೀನಿ. ನೀವ್ಯಾಕೆ ಒಪ್ಪಲ್ಲ?"

"ಹನ್ನೊಂದು ವರ್ಷ ನಾನು ಹೇಳ್ದಾಗ ನೀವು ಒಪ್ಪಿದ್ರ?"

ಹಿರಿಯಣ್ಣನ ಧ್ವನಿ ಏರಿತು. ಸುಬ್ಬರಾಯನದೂ ಏರಿತು. ನಿಮ್ಮದೇ ಒಳ್ಳೆಯದು, ಇಲ್ಲ ನಿಮ್ಮದೇ ಒಳ್ಳೆಯದು ಎಂದು ಇಬ್ಬರೂ ಡ್ಯಾಶ್‌ಬೋರ್ಡು ಗುದ್ದತೊಡಗಿದರು. ಒಂದು ತಿರುವಿನಲ್ಲಿ ದನಗಳ ಹಿಂಡು ರಸ್ತೆ ದಾಟುತ್ತಿತ್ತು. ಕಾರು ನಿಂತಿತು, ವಾದ ನಿಲ್ಲಲಿಲ್ಲ. ದನ ದಾಟಿತು, ಕಾರು ಹೊರಟಿತು, ವಾದ ಹೊರಡುವ ಅಗತ್ಯವೇ ಇರಲಿಲ್ಲ. ಕೊನೆಗೆ ಹಿರಿಯಣ್ಣ ರಸ್ತೆಯ ಅಂಚಿಗೆ ಹಾಕಿ ಬ್ರೇಕ್ ಒತ್ತಿದ.

"ಮೇಷ್ಟ್ರನ್ನೇ ಕೇಳಣ," ಎಂದ. "ನೀವೇ ಹೇಳಿ ಮೇಷ್ಟ್ರೆ. ಯಾವ್ದು?"

ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿದರು. ಹಿಂದಿನ ಸೀಟಿನಲ್ಲಿ ಮೂರು ಪ್ರತಿ ಫಾರಂ ಮಾತ್ರ ಇತ್ತು.

ದತ್ತಮೂರ್ತಿಗಳು ಆಗ ಅರ್ಧ ಮೈಲಿ ಹಿಂದೆ, ದನ ದಾಟುವಾಗ ಮೆಲ್ಲನೆ ಇಳಿದಿದ್ದ ಜಾಗದಲ್ಲಿ, ಬಂದ ಕೊಪ್ಪದ ಬಸ್ಸಿಗೆ ಕೈ ತೋರಿಸಿ ಹತ್ತುತ್ತಿದ್ದರು. ಬೆಳಗಿನ ಕಂಡಕ್ಟರೇ. ಅವನು ಮೇಲಿಂದ ಕೆಳಗೆ ನೋಡಿ ಕೇಳಿದ. "ಕಾರು ಎಲ್ಲಿ ಮೇಷ್ಟ್ರೆ?"

"ಮುಂದೆ ರಸ್ತೆಯಲ್ಲಿ ಎಲ್ಲೋ ನಿಂತಿರತ್ತೆ," ಎಂದು ದತ್ತಮೂರ್ತಿಗಳು ಕಿಟಕಿಯಿಂದ ದೂರದ ಸೀಟು ಹುಡುಕಿ ಕೂತರು. "ಯಾರು ಕೈ ತೋರಿಸಿದ್ರೂ ನಿಲ್ಲಿಸ್ಬೇಡ ಮಾರಾಯ."